ಹಿಮ್ಮುಖ ಹರಿವಿನ ತಡೆ ಕವಾಟ: ಗುಂಡಿಗೆ ಇಳಿಯುವ ಮುನ್ನ



ಅಹಮದಾಬಾದಿನ ವಟವಾ, ವಡೋದರಾ ಬಳಿಯ ನಂದೇಸರಿ, ಸೂರತ್ತಿನ ಸಚಿನ್ ಗುಜರಾತಿನ ಹೆಸರಾಂತ ಕೈಗಾರಿಕಾ ವಸಾಹತುಗಳು. ಬಣ್ಣ, ರಾಸಾಯನಿಕ, ಬಟ್ಟೆಗಳ ಕಾರ್ಖಾನೆಗಳಲ್ಲಿ ಕುಡಿಯುವ ನೀರಿನ ಕೊಳವೆಯೂ ತಯಾರಿಕೆಯ ನೀರಿನ ಕೊಳವೆಯೂ ಒಂದೇ ಮೂಲದಿಂದ ಕವಲೊಡೆದಿರುವುದುಂಟು. ಮುಖ್ಯ ಕೊಳವೆಯಲ್ಲಿ ಒತ್ತಡ ಕುಸಿದರೆ ಬಣ್ಣದ ತೊಟ್ಟಿಯ ನೀರು ಹಿಂದಕ್ಕೆ ಸೆಳೆಯಲ್ಪಟ್ಟು ಊರಿನ ನಲ್ಲಿಗಳನ್ನು ಸೇರಬಹುದು. ಅದನ್ನು ತಡೆಯುವ ಸಾಧನವೇ ಹಿಮ್ಮುಖ ಹರಿವಿನ ತಡೆ ಕವಾಟ. ಇದರ ಸ್ಪ್ರಿಂಗು, ರಬ್ಬರು ಸವೆಯುತ್ತವೆ; ಕಸ ಸಿಕ್ಕಿಕೊಳ್ಳುತ್ತದೆ. ಆದುದರಿಂದ ನಿಯತಕಾಲಿಕವಾಗಿ ಬಿಚ್ಚಿ ಪರೀಕ್ಷಿಸುವುದು ಅವಶ್ಯ.

ಕವಾಟವು ನೆಲದಡಿಯ ಗುಂಡಿಯಲ್ಲಿದ್ದರೆ ಊರಿನ ನೀರನ್ನು ಕಾಯುವ ಕೆಲಸವೇ ಕೆಲಸಗಾರನ ಪ್ರಾಣಕ್ಕೆ ಎರವಾಗಬಹುದು. 2019ರ ಜೂನ್ ತಿಂಗಳಲ್ಲಿ ವಡೋದರಾ ಜಿಲ್ಲೆಯ ದಭೋಯಿ ಬಳಿಯ ಫರ್ತಿಕುಈ ಗ್ರಾಮದಲ್ಲಿ ಹೋಟೆಲೊಂದರ ಮಲಗುಂಡಿಗೆ ಒಬ್ಬನು ಇಳಿದನು. ಅವನು ಮೇಲೆ ಬಾರದಿರಲು ಇತರರು ನೆರವಿಗೆ ಇಳಿದರು. ಒಟ್ಟು 7 ಮಂದಿ ಅಸುನೀಗಿದರು. ಅದು ಮಲಗುಂಡಿ, ಇದು ನೀರಿನ ಗುಂಡಿ ಎಂದು ಸಮಾಧಾನಪಡುವಂತಿಲ್ಲ. ಚರಂಡಿಯಿಂದ ಸೋರಿ ಬರುವ ಹೈಡ್ರೋಜನ್ ಸಲ್ಫೈಡ್ ಅನಿಲ ಗಾಳಿಗಿಂತ ಭಾರವಾದುದು. ಗುಂಡಿಯ ತಳದಲ್ಲಿ ನಿಲ್ಲುತ್ತದೆ. ಅದರ ಪ್ರಮಾಣ ಹೆಚ್ಚಿದಾಗ ಮೂಗು ವಾಸನೆಯನ್ನೇ ಗ್ರಹಿಸದಂತಾಗುತ್ತದೆ.

1948ರ ಕಾರ್ಖಾನೆಗಳ ಅಧಿನಿಯಮದ 36ನೇ ಪ್ರಕರಣವು ಈ ಅಪಾಯವನ್ನು ಗುರುತಿಸಿತ್ತು. ಅಪಾಯಕರ ಅನಿಲವಿರಬಹುದಾದ ಗುಂಡಿ, ತೊಟ್ಟಿ, ಕೊಳವೆಗಳಿಗೆ ಇಳಿಯಬೇಕಾದರೆ ಸಕ್ಷಮ ವ್ಯಕ್ತಿಯು ಸ್ವತಃ ಪರೀಕ್ಷಿಸಿ ಲಿಖಿತ ಪ್ರಮಾಣಪತ್ರ ನೀಡಿರಬೇಕಿತ್ತು. ಇಲ್ಲವೇ ಇಳಿಯುವವನು ಉಸಿರಾಟದ ಉಪಕರಣ ಧರಿಸಿ, ಸೊಂಟಪಟ್ಟಿಗೆ ಕಟ್ಟಿದ ಹಗ್ಗದ ತುದಿಯನ್ನು ಹೊರಗಿನವನ ಕೈಯಲ್ಲಿ ಕೊಟ್ಟಿರಬೇಕಿತ್ತು. "ಸ್ವತಃ" ಎಂಬ ಮಾತನ್ನು ಗಮನಿಸಬೇಕು. ಕಚೇರಿಯ ಮೇಜಿನ ಮೇಲೆ ರುಜು ಬಿದ್ದ ಕಾಗದ ಯಾರ ಪ್ರಾಣವನ್ನೂ ಉಳಿಸದು. 2025ರ ನವೆಂಬರ್ 21ರಂದು ಈ ಅಧಿನಿಯಮದ ಸ್ಥಾನಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿತು. ಅನಿಲದ ಗುಣ ಮಾತ್ರ ಬದಲಾಗಿಲ್ಲ.

ಬೆಳಿಗ್ಗೆ ಮಾಡಿದ ಪರೀಕ್ಷೆ ಮಧ್ಯಾಹ್ನಕ್ಕೆ ಸಲ್ಲದು. 2022ರ ಜನವರಿ 6ರಂದು ಸೂರತ್ತಿನ ಸಚಿನ್ ವಸಾಹತುವಿನಲ್ಲಿ ಟ್ಯಾಂಕರೊಂದು ರಾಸಾಯನಿಕ ತ್ಯಾಜ್ಯವನ್ನು ಚರಂಡಿಗೆ ಸುರಿಯಿತು. ಹೊಮ್ಮಿದ ವಿಷಾನಿಲಕ್ಕೆ ಪಕ್ಕದ ಕಾರ್ಖಾನೆಯ 6 ಮಂದಿ ಬಲಿಯಾದರು. ಅವರು ಯಾವ ಗುಂಡಿಗೂ ಇಳಿದವರಲ್ಲ. ಹೊರಗಿನವರ ಕೃತ್ಯದಿಂದ ನಿಮಿಷಗಳಲ್ಲಿ ಗಾಳಿ ಕೆಡಬಹುದಾದ ಇಂತಹ ಸ್ಥಳಗಳಲ್ಲಿ, ಕೆಲಸ ಮುಗಿಯುವವರೆಗೂ ಅನಿಲಮಾಪಕ ಗುಂಡಿಯೊಳಗೇ ಇರತಕ್ಕದ್ದು.

ಅನುಮತಿ ಪತ್ರದಲ್ಲಿ ಅನಿಲವಲ್ಲದೆ ಕವಾಟದ ಎರಡೂ ಬದಿಯ ಕೊಳವೆಗಳನ್ನು ಮುಚ್ಚಿ ಬೀಗ ಹಾಕಿರುವುದು, ಒತ್ತಡ ಇಳಿಸಿರುವುದು, ಪಂಪಿನ ವಿದ್ಯುತ್ ಕಡಿತಗೊಳಿಸಿರುವುದು ನಮೂದಾಗಬೇಕು. ಬೀಗದ ಕೈ ಗುಂಡಿಗಿಳಿದವನ ಬಳಿಯಲ್ಲಿಯೇ ಇರಲಿ.

ಹೊಸದಾಗಿ ಅಳವಡಿಸುವವರಿಗೆ ಇನ್ನೂ ಸುಲಭವಾದ ದಾರಿಯಿದೆ. ಒತ್ತಡ ಇಳಿಸುವ ರಂಧ್ರವುಳ್ಳ ಕವಾಟವನ್ನು ಗುಂಡಿಯಲ್ಲಿ ಇಡಲೇಬಾರದು. ಮಳೆಗಾಲದಲ್ಲಿ ಗುಂಡಿ ತುಂಬಿದರೆ ಆ ರಂಧ್ರದ ಮೂಲಕವೇ ಕೊಳಚೆ ಒಳನುಗ್ಗುವ ಸಂಭವವಿದೆ. ಅದನ್ನು ನೆಲದ ಮೇಲೆ, ನಿಂತು ಕೆಲಸ ಮಾಡುವ ಎತ್ತರದಲ್ಲಿ ಜೋಡಿಸಿದರೆ ಪರೀಕ್ಷೆಗಾಗಿ ಯಾರೂ ಗುಂಡಿಗಿಳಿಯಬೇಕಾಗಿಲ್ಲ.