ಬಣ್ಣದ ಪೆಟ್ಟಿಗಿ

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಾಲ, ಠೇವು, ಲಾಭಾಂಶದ ಮಾತು ಕೇಳಾಕ ಬಂದವರ ಮುಂದ ನಾಟಕದ ಬಣ್ಣದ ಬಗ್ಗೆ ಮಾತಾಡು ಅಂತ ಹಿರಿಯರು ಅಪ್ಪಣೆ ಮಾಡಿದ್ದಾರೆ. ಊರ ಹುಡುಗರ ಮಾರಿಗೆ ಬಣ್ಣ ಹಚ್ಚತಾ ತಲಿ ಬೆಳ್ಳಗಾದವ ನಾನು. ಗೊತ್ತಿದ್ದಷ್ಟು ಹೇಳತೀನಿ.

ಮೊದಲು ಬೆಳಕಿನ ಮಾತು. ದೊಡ್ಡಾಟ, ಶ್ರೀಕೃಷ್ಣ ಪಾರಿಜಾತ ಇವು ಪಂಜು, ಆಮೇಲೆ ಗ್ಯಾಸ್‌ಬತ್ತಿ ಬೆಳಕಿನಲ್ಲಿ ಬೆಳೆದ ಆಟಗಳು. ಕಡೀ ಸಾಲಿನ್ಯಾಗ ಕುಂತ ಮುದುಕಿಗೂ ರಾಜ ಯಾರು, ರಾಕ್ಷಸ ಯಾರು ತಿಳೀಬೇಕು. ಅದಕ್ಕೇ ಬಣ್ಣ ದಪ್ಪ, ಹುಬ್ಬು ಅಗಲ. ಭುಜಕೀರ್ತಿ, ಎದೆಹಾರ, ಕಿರೀಟ ಕಟ್ಟಿದರೆ ಸಣಕಲ ಮನಷ್ಯಾನೂ ಒಂದೂವರೆ ಆಳು ಕಾಣತಾನ. ಬರೇ ಚಂದಕ್ಕಲ್ಲ ಅದು. ಈಗ ನಾವು ಎಲ್‌ಇಡಿ ಫೋಕಸ್ ಹಚ್ಚತೀವಿ, ಬಣ್ಣ ಮಾತ್ರ ಅಜ್ಜನ ಕಾಲದಷ್ಟೇ ಬಳೀತೀವಿ. ಮಾರಿ ಸುಣ್ಣ ಹೊಡದ ಗ್ವಾಡಿ ಆಗತೈತಿ. ಅಂಥಾ ಬೆಳಕಿನಲ್ಲಿ ಬಿಳಿ ಕಡಿಮೆ ಇರಬೇಕು, ಗಲ್ಲದ ಕೆಳಗೆ, ಮೂಗಿನ ಎರಡೂ ಬದಿಗೆ ಕಂದು ನೆರಳು ಕೊಡಬೇಕು.

ಎರಡನೇದು, ನಿಮ್ಮ ಮಕ್ಕಳ ಚರ್ಮದ ವಿಷಯ. ಹಿಂದಿನವರು ಅರದಾಳ, ಇಂಗಳಿಕ, ಸಫೇದ ತೇಯ್ದು ಹಚ್ಚುತ್ತಿದ್ದರು. ಅರದಾಳದಲ್ಲಿ ಇರೋದು ಪಾಷಾಣ, ಇಂಗಳಿಕದಲ್ಲಿ ಪಾದರಸ, ಹಳೇ ಸಫೇದದಲ್ಲಿ ಸೀಸ. ಮೂರೂ ವಿಷ. ಯುರೋಪಿನ ನಟರ ಗತಿಯೂ ಇದೇ ಇತ್ತು. 19ನೆಯ ಶತಮಾನದಲ್ಲಿ ಜರ್ಮನಿಯ ಲುಡ್ವಿಗ್ ಲೈಕ್ನರ್, ಆತ ಸ್ವತಃ ಒಪೆರಾ ಹಾಡುಗಾರ, ಸೀಸ ಬಿಟ್ಟು ಕೊಬ್ಬಿನಲ್ಲಿ ಬಣ್ಣ ಕಲಿಸಿ ಕಡ್ಡಿ ಮಾಡಿ ಮಾರಿದ. ನಮ್ಮ ಕಂಪನಿ ನಾಟಕದವರ ಬಣ್ಣದ ಕಡ್ಡಿಗಳೂ ಅದೇ ಜಾತಿಯವು.

ಇಷ್ಟು ತಿಳಿದೂ ನಾ ಒಮ್ಮೆ ತಪ್ಪು ಮಾಡಿದೆ. ಜಾತ್ರೆ ನಾಟಕದ ರಾತ್ರಿ ಕೆಂಪು ತೀರಿತ್ತು. ಪ್ಯಾಟಿಂದ ತಂದ ಓಕಳಿ ಬಣ್ಣದ ಪುಡಿಯನ್ನೇ ಎಣ್ಣೆಯಲ್ಲಿ ಕಲಿಸಿ ಖಳನಾಯಕನಿಗೆ ಹಚ್ಚಿದೆ. ಮೂರನೇ ಅಂಕಕ್ಕೆ ಅವನ ಕಣ್ಣು ಬಾತು ಮುಚ್ಚಿದವು. ಜನ ಅಭಿನಯ ಅಂತ ಚಪ್ಪಾಳಿ ಹೊಡೆದರು! ಎಂಟು ದಿನ ಅವರ ಮನಿ ಮುಂದೆ ಹಾಯಲಿಲ್ಲ ನಾನು. ಅಂದಿನಿಂದ ಯಾವ ಬಣ್ಣವನ್ನೂ ಹಿಂದಿನ ದಿನ ಕಿವಿ ಹಿಂದೆ ಚೂರು ಹಚ್ಚಿ ನೋಡದೆ ಮಾರಿಗೆ ಮುಟ್ಟಿಸೂದಿಲ್ಲ. ಬಣ್ಣ ತೆಗೆಯಾಕ ಕೊಬ್ಬರಿ ಎಣ್ಣಿ, ಹಳೇ ಮೆತ್ತನ್ನ ಧೋತರದ ತುಂಡು ಸಾಕು. ಸೀಮೆಎಣ್ಣಿ ಬ್ಯಾಡ್ರಪಾ.

ಇನ್ನು ಪೋಷಾಕು. ಏಣಗಿ ಬಾಳಪ್ಪನವರು ಎಳೆತನದಲ್ಲಿ ಸ್ತ್ರೀ ಪಾತ್ರ ಮಾಡಿದವರು, ಮುಂದೆ ಬಸವಣ್ಣನ ಪಾತ್ರದಿಂದ ಮನಿಮಾತಾದರು. ಸೀರಿಗೆ ಒಂದು ನಡಿಗಿ, ಧೋತರಕ್ಕೆ ಒಂದು ನಡಿಗಿ. ತಾಲೀಮಿನಲ್ಲಿ ಪ್ಯಾಂಟು ಹಾಕಿ ತಿರುಗಿ, ಆಟದ ದಿನ ಕಚ್ಚಿ ಕಟ್ಟಿದರೆ ಹೆಜ್ಜಿ ತೊಡರತಾವ. ಸಾಮಾಜಿಕ ನಾಟಕದಾಗಂತೂ ನಮ್ಮ ಹುಚ್ಚು ಕೇಳಬ್ಯಾಡ್ರಿ. ಸಾಲಗಾರ ರೈತನ ಹೆಂಡತಿ ಅಳತಾಳ, ಮೈಮ್ಯಾಲೆ ಬಾಡಿಗಿ ರೇಷ್ಮಿ ಸೀರಿ, ಕೊರಳಾಗ ನಾಕೆಳಿ ಸರ! ಮನ್ಯಾಗಿನ ಹಳೇ ಇಳಕಲ್ ಸೀರಿ ಉಡಸ್ರಿ, ರೈತನ ಅಂಗಿ ಹೊಲದ ಮಣ್ಣಾಗ ಒಮ್ಮೆ ಹೊರಳಸ್ರಿ. ಖರ್ಚೂ ಉಳಿತು.

ಖರ್ಚಿನ ಮಾತು ಬಂತು, ಅದಕ್ಕೇ ಸಂಘದ ಮುಂದೆ ಒಂದು ಬೇಡಿಕೆ. ಪ್ರತಿ ವರ್ಷ ಡ್ರೆಸ್, ಬಣ್ಣ, ಬಾಡಿಗಿ ಅಂತ ಹುಡುಗರು ಕೈಸಾಲ ಮಾಡತಾರ. ಪೆಟ್ಟಿಗಿ ಬರೋದು ಪರದೆ ಏಳೂ ಹೊತ್ತಿಗೆ. ಫೌಜದಾರನ ಅಂಗಿಯನ್ನ ತೋಳು ಮಡಚಿ ಜಮೀನ್ದಾರನಿಗೆ ಹಾಕಿದ್ದೂ ಉಂಟು. ಕಿರೀಟ, ಭುಜಕೀರ್ತಿ ಬಾಡಿಗಿ ತರೋಣ, ಅವು ದುಬಾರಿ. ಆದರೆ ಒಳ್ಳೇ ಬಣ್ಣ, ನಾಕು ವಿಗ್ಗು, ಮೀಸಿ, ಸ್ಪಿರಿಟ್ ಗಮ್, ಎರಡು ಕನ್ನಡಿ, ಇಷ್ಟನ್ನ ಸಂಘವೇ ಕೊಂಡು ಒಂದು ಟ್ರಂಕಿನಲ್ಲಿ ಇಡಲಿ. ಕೀಲಿ ಕಾರ್ಯದರ್ಶಿಗಳ ಕಡೆ, ಲೆಕ್ಕ ವಹಿಯಲ್ಲಿ. ಒಯ್ದವರು ತೊಳೆದು ತಂದಿಡಬೇಕು, ಕಳೆದವರು ತುಂಬಬೇಕು.

ಟ್ರಂಕು ಮಾತ್ರ ಕೊಳ್ಳಬ್ಯಾಡ್ರಿ. ನನ್ನದೇ ಐತಿ, ಕೊಂಡಿ ಸ್ವಲ್ಪ ಸಡಲ ಆಗೈತಿ. ನಾಳೆ ಮುಂಜಾನೆ ಸಂಘದ ಕಟ್ಟಡಕ್ಕೆ ತಂದಿಡತೀನಿ.