ಸೀಮೆಸುಣ್ಣದ ಶಿಲೆಯಲ್ಲಿ ತೈಲ

(ಶಾಲೆಯ ಶತಮಾನೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ತೈಲ ನಿಕ್ಷೇಪವೆಂದೊಡನೆ ನೆಲದಡಿಯಲ್ಲಿ ತೈಲದ ಕೆರೆಯೊಂದಿದೆ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ತೈಲವಿರುವುದು ಶಿಲೆಯ ಸೂಕ್ಷ್ಮ ರಂಧ್ರಗಳಲ್ಲಿ. ಆದ್ದರಿಂದ ತೈಲವನ್ನು ತೆಗೆಯುವವರು ಮೊದಲು ಶಿಲೆಯನ್ನು ಅರಿಯಬೇಕು. ಇದಕ್ಕೆ ನಾರ್ವೆಯ ಎಕೊಫಿಸ್ಕ್ ನಿಕ್ಷೇಪ ಉತ್ತಮ ನಿದರ್ಶನ.

ಉತ್ತರ ಸಮುದ್ರದಲ್ಲಿ 1969ರಲ್ಲಿ ಪತ್ತೆಯಾದ ಈ ನಿಕ್ಷೇಪದಿಂದ 1971ರಲ್ಲಿ ಉತ್ಪಾದನೆ ಆರಂಭವಾಯಿತು. ಸುಮಾರು 3 ಕಿಲೋಮೀಟರ್ ಆಳದಲ್ಲಿರುವ ಇಲ್ಲಿಯ ಶಿಲೆ ಸೀಮೆಸುಣ್ಣ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿ ತೇಲುತ್ತಿದ್ದ ಸೂಕ್ಷ್ಮ ಪಾಚಿಗಳ ಸುಣ್ಣದ ಕವಚಗಳು ತಳದಲ್ಲಿ ಸಂಚಯಗೊಂಡು ಆದ ಶಿಲೆಯದು.

ಭೂವಿಜ್ಞಾನಿಗಳು ಕೊರೆಬಾವಿಯಿಂದ ಶಿಲೆಯ ದುಂಡನೆಯ ತುಂಡುಗಳನ್ನು ಮೇಲೆತ್ತಿ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಶಿಲೆಯಲ್ಲಿ ರಂಧ್ರಗಳ ಪಾಲೆಷ್ಟು ಎಂಬುದು ಸರಂಧ್ರತೆ. ದ್ರವವು ಅದರ ಮೂಲಕ ಎಷ್ಟು ಸುಲಭವಾಗಿ ಹರಿಯಬಲ್ಲದು ಎಂಬುದು ಪಾರಗಮ್ಯತೆ. ಎಕೊಫಿಸ್ಕ್‌ನ ಉತ್ತಮ ಪದರಗಳಲ್ಲಿ ಸರಂಧ್ರತೆ ಸುಮಾರು 40 ಪ್ರತಿಶತ. ಆದರೆ ರಂಧ್ರಗಳ ನಡುವಿನ ದಾರಿ ಬಹಳ ಕಿರಿದು. ತೈಲ ಹರಿಯಲು ಶಿಲೆಯ ಸಹಜ ಬಿರುಕುಗಳೇ ನೆರವಾಗುತ್ತವೆ.

ಇನ್ನೊಂದು ಸಂಗತಿಯುಂಟು. ಮೇಲಿನ ಪದರಗಳ ಭಾರವನ್ನು ಶಿಲೆಯೊಂದೇ ಹೊರುವುದಿಲ್ಲ. ರಂಧ್ರಗಳಲ್ಲಿರುವ ದ್ರವದ ಒತ್ತಡವೂ ಅದರ ಪಾಲನ್ನು ಹೊರುತ್ತದೆ. ತೈಲ ತೆಗೆದಂತೆಲ್ಲ ಒತ್ತಡ ಇಳಿಯಿತು, ಮೃದುವಾದ ಸೀಮೆಸುಣ್ಣ ಕುಗ್ಗಿತು, ಸಮುದ್ರತಳ ಕುಸಿಯಿತು. 1984ರಲ್ಲಿ ಇದು ಗಮನಕ್ಕೆ ಬರುವಷ್ಟರಲ್ಲಿ ಕುಸಿತ ಸುಮಾರು 3 ಮೀಟರ್ ಆಗಿತ್ತು. ಬಿರುಗಾಳಿಯ ಅಲೆಗಳು ವೇದಿಕೆಗಳನ್ನೇರಿ ಕೆಲಸಗಾರರ ಪ್ರಾಣಕ್ಕೆ ಎರವಾಗುವ ಭಯವಿತ್ತು. 1987ರಲ್ಲಿ ಎಂಜಿನಿಯರುಗಳು ಉಕ್ಕಿನ ವೇದಿಕೆಗಳ ಕಾಲುಗಳನ್ನು ಕತ್ತರಿಸಿ, ಜ್ಯಾಕ್‌ಗಳಿಂದ 6 ಮೀಟರ್ ಮೇಲೆತ್ತಿ, ನಡುವೆ ಹೊಸ ಭಾಗಗಳನ್ನು ಜೋಡಿಸಿದರು.

ಅದೇ ವರ್ಷ ನಿಕ್ಷೇಪಕ್ಕೆ ದೊಡ್ಡ ಪ್ರಮಾಣದಲ್ಲಿ ನೀರನ್ನು ಒತ್ತುವ ಕಾರ್ಯವೂ ಆರಂಭವಾಯಿತು. ನೀರು ಒತ್ತಡವನ್ನು ಹೆಚ್ಚಿಸಿ, ತೈಲವನ್ನು ಬಾವಿಗಳತ್ತ ತಳ್ಳಿತು. ಆದರೆ ನೀರು ಸೇರಿದ ಸೀಮೆಸುಣ್ಣ ಇನ್ನಷ್ಟು ದುರ್ಬಲವಾಗುತ್ತದೆ. ಹೀಗಾಗಿ ಕುಸಿತ ಕೂಡಲೇ ನಿಲ್ಲಲಿಲ್ಲ. ಅಧ್ಯಯನವೂ ನಿಲ್ಲಲಿಲ್ಲ. ಆರಂಭದಲ್ಲಿ ಸುಮಾರು 17 ಪ್ರತಿಶತ ತೈಲವಷ್ಟೇ ದೊರೆತೀತೆಂದು ಎಣಿಸಿದ್ದರು. ಈಗಿನ ಅಂದಾಜು 50 ಪ್ರತಿಶತವನ್ನು ಮೀರಿದೆ.

ಶಿಲೆ ಹೇಗೆ ಉಂಟಾಯಿತೆಂದು ಕೇಳುವ ಭೂವಿಜ್ಞಾನಿಯೂ ಅದು ಎಷ್ಟು ಭಾರ ತಾಳೀತೆಂದು ಕೇಳುವ ಎಂಜಿನಿಯರೂ ಒಟ್ಟಿಗೆ ಕುಳಿತಾಗಲೇ ಇಂಥ ಕಾರ್ಯ ಸಾಧ್ಯ. ಮಕ್ಕಳೇ, ಮುಂದೆ ನೀವು ಯಾವ ಭಾಷೆಯಲ್ಲಿ ವ್ಯಾಸಂಗ ಮಾಡಿದರೂ ಇಂಥ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳುವ ರೂಢಿಯನ್ನು ಬಿಡಬೇಡಿರಿ. ನಮ್ಮ ಗಡಿನಾಡಿನ ಈ ಶಾಲೆಯಿಂದ ಅಂಥ ಭೂವಿಜ್ಞಾನಿಗಳು, ಎಂಜಿನಿಯರುಗಳು ಮೂಡಿಬರಲಿ ಎಂದು ಹಾರೈಸುತ್ತೇನೆ.