ದುಡಿಮೆಯಿದೆ, ದಾಖಲೆಯಿಲ್ಲ

(ಚನ್ನಗಿರಿಯಲ್ಲಿ ನಡೆದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



‘ನಿಮ್ಮ ಮಗ ಏನು ಮಾಡುತ್ತಿದ್ದಾನೆ?’ ಎಂದು ಕೇಳಿದರೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರ, ‘ಏನೋ ಕೆಲಸ ಮಾಡಿಕೊಂಡಿದ್ದಾನೆ’ ಎಂಬುದು. ಈ ‘ಏನೋ’ ಎಂಬ ಪದದ ಬಗ್ಗೆ ಇಂದು ನಾವು ಗಂಭೀರವಾಗಿ ಆಲೋಚಿಸಬೇಕಾಗಿದೆ.

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿಯು 2017ರ ಬಜೆಟ್‌ನಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕೆಂದು ಘೋಷಿತವಾಯಿತು. ಜಿಲ್ಲೆ ಒಂದೇ ಆದರೂ ಬದುಕು ಒಂದೇ ಅಲ್ಲ. ಚನ್ನಗಿರಿ ಅಡಿಕೆಯನ್ನು ನಂಬಿದೆ. ಹೊನ್ನಾಳಿ, ನ್ಯಾಮತಿಗಳು ತುಂಗಭದ್ರೆಯನ್ನೂ ಭದ್ರಾ ನಾಲೆಯನ್ನೂ ಮಳೆಯನ್ನೂ ನಂಬಿವೆ. ಜಗಳೂರಿಗಾದರೋ ಮಳೆಯೊಂದೇ ಆಸರೆ. ಅದೂ ಆಗಾಗ ಕೈಕೊಡುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮಳೆ ಹೋದರೆ ಬೆಳೆಯಷ್ಟೇ ಹೋಗುವುದಿಲ್ಲ. ಕೂಲಿ ಹೋಗುತ್ತದೆ, ಕೂಲಿಯೊಂದಿಗೆ ಪೇಟೆಯ ವ್ಯಾಪಾರವೂ ಹೋಗುತ್ತದೆ. ತಳ್ಳುಗಾಡಿಯವನಿಗೂ ದರ್ಜಿಗೂ ಗ್ಯಾರೇಜಿನವನಿಗೂ ಅದರ ಬಿಸಿ ತಟ್ಟದೆ ಇರದು.

ಇಲ್ಲಿ ಕೆಲಸವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅಡಿಕೆಯ ಸುಗ್ಗಿ ಬಂತೆಂದರೆ ಕೊನೆ ಇಳಿಸುವವರು, ಸುಲಿಯುವವರು, ಬೇಯಿಸುವವರು, ಒಣಗಿಸುವವರು, ಲಾರಿಗೆ ತುಂಬುವವರು ಹೀಗೆ ಎಷ್ಟು ಕೈಗಳಿದ್ದರೂ ಸಾಲದು. ಸುಗ್ಗಿ ಮುಗಿದ ಮೇಲೆ ಅದೇ ಕೈಗಳನ್ನು ಕೇಳುವವರಿಲ್ಲ. ಇತ್ತೀಚೆಗೆ ಸುಗ್ಗಿಯ ಸ್ವರೂಪವೂ ಬದಲಾಗಿದೆ. ಹೆಂಗಸರು ಅಂಗಳದಲ್ಲಿ ಕುಳಿತು ಸುಲಿಯುತ್ತಿದ್ದ ಅಡಿಕೆಯನ್ನು ಈಗ ಬಹಳ ಕಡೆ ಯಂತ್ರ ಸುಲಿಯುತ್ತಿದೆ. ಭತ್ತದ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಸಸಿ ನೆಡಲು, ಕಳೆ ಕೀಳಲು ಗದ್ದೆಗೆ ಬೇಕಾಗುತ್ತಿದ್ದಷ್ಟು ಜನ ತೋಟಕ್ಕೆ ಬೇಡ. ಉಳಿದ ಗದ್ದೆಯ ಕೊಯ್ಲನ್ನೂ ಯಂತ್ರವೇ ಮಾಡುತ್ತದೆ. ಯಂತ್ರವನ್ನು ದೂಷಿಸಿ ಫಲವಿಲ್ಲ. ಆದರೆ ಯಂತ್ರ ಬಂದಾಗ ಮೊದಲು ಕೆಲಸ ಕಳೆದುಕೊಂಡವರು ಯಾರು? ಹೆಸರು ಯಾವ ಪುಸ್ತಕದಲ್ಲೂ ಇಲ್ಲದ ಮಹಿಳೆಯರು. ಹೆಸರೇ ಇಲ್ಲದವರ ನಷ್ಟವನ್ನು ಲೆಕ್ಕ ಹಾಕುವವರು ಯಾರು?

ಇದೇ ಜಿಲ್ಲೆಯಲ್ಲಿ ಬೇರೊಂದು ಕಾಲವೂ ಇತ್ತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ದಿನಗಳು ಹಿರಿಯರಿಗೆ ನೆನಪಿರಬಹುದು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಆ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಗಿರಣಿಯ ದುಡಿಮೆ ಸುಖದ್ದಾಗಿರಲಿಲ್ಲ. ಆದರೂ ಅಲ್ಲಿ ಹಾಜರಿ ಪುಸ್ತಕವಿತ್ತು, ಭವಿಷ್ಯನಿಧಿಯಿತ್ತು, ಬಾಕಿ ಕೇಳಲು ಸಂಘವಿತ್ತು. ಇಂದು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುವ ಜಗಳೂರಿನ ಯುವಕನ ಬಳಿ ಇರುವುದು ಮೇಸ್ತ್ರಿಯ ಫೋನ್ ನಂಬರ್ ಮಾತ್ರ. ಕಾಫಿ ಕೊಯ್ಲಿಗೆ ಮಲೆನಾಡಿನ ಕಡೆ ಹೊರಡುವ ಕುಟುಂಬದ ಜೊತೆಗೆ ಮಕ್ಕಳೂ ಹೊರಡುತ್ತಾರೆ. ಆ ಕೊಯ್ಲು ಬರುವುದೇ ಶಾಲೆ ನಡೆಯುವ ತಿಂಗಳುಗಳಲ್ಲಿ.

2006ರಲ್ಲಿ ಸಾಚಾರ್ ಸಮಿತಿಯ ವರದಿ ಸಂಸತ್ತಿನ ಮುಂದೆ ಬಂದಾಗ ನಾವೆಲ್ಲ ಸರಕಾರಿ ನೌಕರಿಯ ಅಂಕಿಗಳನ್ನಷ್ಟೇ ಚರ್ಚಿಸಿದೆವು. ಅದೇ ವರದಿ ಮತ್ತೊಂದು ಮಾತನ್ನೂ ಹೇಳಿತ್ತು. ದೇಶದ ದುಡಿಯುವ ಮುಸ್ಲಿಮರಲ್ಲಿ ಶೇ. 61ರಷ್ಟು ಜನ ಸ್ವಂತ ದುಡಿಮೆಯವರು. ಹಿಂದೂಗಳಲ್ಲಿ ಈ ಪ್ರಮಾಣ ಶೇ. 55. ಸ್ವಂತ ದುಡಿಮೆ ಗೌರವದ್ದು, ಅದರಲ್ಲಿ ಸಂದೇಹವಿಲ್ಲ. ಆದರೆ ಅದರಲ್ಲಿ ಸಂಬಳದ ಚೀಟಿಯಿಲ್ಲ, ರಜೆಯಿಲ್ಲ, ಮುಪ್ಪಿಗೆ ಪಿಂಚಣಿಯಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಉದ್ಯೋಗ ಖಾತರಿ ಯೋಜನೆ ಆರಂಭವಾದ ಮೊದಲ 200 ಜಿಲ್ಲೆಗಳಲ್ಲಿ ದಾವಣಗೆರೆಯೂ ಸೇರಿತ್ತು. ವರ್ಷಕ್ಕೆ 100 ದಿನಗಳ ಕೆಲಸದ ಜೊತೆಗೆ ಹಳ್ಳಿಯ ಮಹಿಳೆಯ ಹೆಸರು ಹಾಜರಿ ಪಟ್ಟಿಗೆ ಏರಿತು. ಆದರೆ ಅದು ಗ್ರಾಮಗಳಿಗಾಗಿ ಮಾಡಿದ ಯೋಜನೆ. ಪೇಟೆಯ ಓಣಿಗಳಲ್ಲಿ ವಾಸಿಸುವ ನಮ್ಮ ಕುಟುಂಬಗಳು ಅದರ ಹೊರಗೇ ಉಳಿದವು.

ಹಾಗಾದರೆ ನಾವು ಮಾಡಬಹುದಾದುದೇನು? ಅಸಂಘಟಿತ ಕಾರ್ಮಿಕರ ನೋಂದಣಿಗಾಗಿ 2021ರಲ್ಲಿ ಆರಂಭವಾದ ಇ-ಶ್ರಮ್ ಇದೆ. 16ರಿಂದ 59 ವಯಸ್ಸಿನೊಳಗಿನ, ಭವಿಷ್ಯನಿಧಿ ಮತ್ತು ಇಎಸ್ಐ ಇಲ್ಲದ, ಆದಾಯ ತೆರಿಗೆ ಕಟ್ಟುವಷ್ಟು ಗಳಿಕೆಯಿಲ್ಲದ ದುಡಿಮೆಗಾರರು ಅದರಲ್ಲಿ ಹೆಸರು ಬರೆಸಿ 12 ಅಂಕಿಗಳ ಸಂಖ್ಯೆ ಪಡೆಯಬಹುದು. ಇದು ಕೆಲಸ ಕೊಡುವುದಿಲ್ಲ, ನಿಜ. ‘ನಾನು ದುಡಿಯುವವನು’ ಎಂಬುದಕ್ಕೆ ಒಂದು ದಾಖಲೆಯಾದರೂ ಆಗುತ್ತದೆ. ಹುಡುಗನಿಗೆ ಗ್ಯಾರೇಜಿನ ಕೆಲಸದಲ್ಲಿ ಆಸಕ್ತಿಯಿದ್ದರೆ ತಪ್ಪೇನಿಲ್ಲ. ಶಾಲೆ ಬಿಡಿಸಿ ಕಳುಹಿಸುವುದು ತಪ್ಪು. ಹತ್ತನೆಯ ತರಗತಿ ಮುಗಿಸಿ ಐಟಿಐ ಪ್ರಮಾಣಪತ್ರ ಪಡೆದವನ ಸ್ಪ್ಯಾನರಿಗೂ ಅರ್ಧಕ್ಕೆ ಶಾಲೆ ಬಿಟ್ಟವನ ಸ್ಪ್ಯಾನರಿಗೂ ತೂಕ ಒಂದೇ. ಕಂಪೆನಿಯ ಬಾಗಿಲಲ್ಲಿ ಬೆಲೆ ಮಾತ್ರ ಒಂದೇ ಅಲ್ಲ. 14 ತುಂಬದ ಮಕ್ಕಳನ್ನು ಕೆಲಸಕ್ಕಿಟ್ಟುಕೊಳ್ಳುವುದನ್ನು 2016ರ ತಿದ್ದುಪಡಿ ಎಲ್ಲ ಉದ್ಯೋಗಗಳಲ್ಲೂ ನಿಷೇಧಿಸಿದೆ ಎಂಬುದನ್ನು ಪಾಲಕರೂ ಮಾಲೀಕರೂ ಮರೆಯಕೂಡದು.

ಇನ್ನೊಂದು ಮಾತನ್ನು ನಮ್ಮ ನಮ್ಮೊಳಗೇ ಆಡಬೇಕಾಗಿದೆ. ಸರಕಾರವನ್ನು ಪ್ರಶ್ನಿಸುವ ನಮ್ಮಲ್ಲೂ ಅಡಿಕೆ ಖೇಣಿ ಹಿಡಿಯುವವರಿದ್ದಾರೆ, ಅಂಗಡಿ, ಗ್ಯಾರೇಜುಗಳ ಮಾಲೀಕರಿದ್ದಾರೆ. ದುಡಿದವನ ಕೂಲಿಯನ್ನು ತಡಮಾಡಬಾರದೆಂಬ ಪ್ರವಾದಿ ಬೋಧನೆ ನಮಗೆ ಹೊಸತಲ್ಲ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದುದು ಎಂಬುದೂ ಗೊತ್ತಿದೆ. ಹಾಗಿದ್ದೂ ನಮ್ಮ ಕಣದಲ್ಲಿ ವರ್ಷಗಟ್ಟಲೆ ಅಡಿಕೆ ಸುಲಿದ ತಾಯಿಯೊಬ್ಬರು ಹೊಲಿಗೆ ಯಂತ್ರಕ್ಕೆ ಸಾಲ ಕೇಳಲು ಹೋದರೆ, ತಮ್ಮ ಗಳಿಕೆಯನ್ನು ತೋರಿಸಲು ಅವರ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಆ ಚೀಟಿಯನ್ನು ಕೊಡಬೇಕಾದವರು ದಿಲ್ಲಿಯಲ್ಲಿಲ್ಲ, ಇದೇ ಸಭೆಯಲ್ಲಿದ್ದಾರೆ.

ಆದ್ದರಿಂದ ನನ್ನ ವಿನಂತಿ ಬಹಳ ಸಣ್ಣದು. ಇಂದು ರಾತ್ರಿಯೇ ಮನೆಯಲ್ಲೊಂದು ನೋಟ್ ಪುಸ್ತಕ ತೆರೆಯಿರಿ. ಯಾರ ಬಳಿ, ಯಾವ ದಿನ, ಎಷ್ಟು ದುಡಿದೆವು, ಎಷ್ಟು ಬಂತು, ಎಷ್ಟು ಬಾಕಿ ಎಂದು ಬರೆಯಿರಿ. ಬರೆಯಲು ಬಾರದ ತಾಯಿಗೆ ಶಾಲೆಗೆ ಹೋಗುವ ಮಗಳು ಬರೆದುಕೊಡಲಿ. ಕೆಲಸ ಕೊಡುವವರು ಕೂಲಿಯನ್ನು ಬ್ಯಾಂಕ್ ಖಾತೆಗೆ ಹಾಕಲಿ. ಇಲ್ಲವೇ ಆ ಪುಸ್ತಕಕ್ಕೆ ಸಹಿಯಾದರೂ ಹಾಕಲಿ. ಮುಂದಿನ ಬಾರಿ ‘ನಿಮ್ಮ ಮಗ ಏನು ಮಾಡುತ್ತಿದ್ದಾನೆ?’ ಎಂದು ಯಾರಾದರೂ ಕೇಳಿದರೆ, ‘ಏನೋ’ ಎನ್ನದೆ ಕೆಲಸದ ಹೆಸರು ಹೇಳುವಂತಾಗಲಿ. ಮಗಳ ಬಗ್ಗೆಯೂ ಅದೇ ಪ್ರಶ್ನೆಯನ್ನು ಕೇಳುವಂತಾಗಲಿ.

ನಿಮ್ಮೆಲ್ಲರ ದುಡಿಮೆಯಲ್ಲಿ ಬರ್ಕತ್ ಇರಲಿ.